ಕೋಳಿಗೂಡಿನ ಕೆಳಗಿನ ಹಿರಿಯರು

ಜೇನುಗಾರ ತನ್ನ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದ್ದೇ ತಪ್ಪಾಯಿತು. ಜಾಗದ ಹಕ್ಕು ಕೊಡುವ ಸಾಹೇಬರು ಬರುತ್ತಾರೆ, ಮನೆ ಲಕ್ಷಣವಾಗಿರಲಿ ಎಂದು ಹೆಂಡತಿ ಪ್ರಾಣ ತಿಂದಿದ್ದಳು. ಸಾಹೇಬರು ಬಂದವರೇ ಸೂರಿನ ಹುಲ್ಲು ಮೂಸಿದರು.

“ಹಸಿ ವಾಸನೆ ಹೊಡೀತಿದೆ. ಯಾವಾಗ ಬಂದ್ರಿ ಇಲ್ಲಿಗೆ?”

“ಬಂದಿಲ್ಲ ಸ್ವಾಮಿ, ಇಲ್ಲೇ ಹುಟ್ಟಿದ್ದು. ನಮ್ಮಪ್ಪ, ಅವರಪ್ಪ, ಅವರಪ್ಪನ ಅಪ್ಪನೂ ಇಲ್ಲೇ.”

“ಎಲ್ಲರೂ ಹೀಗೇ ಹೇಳ್ತಾರೆ. ತಲೆತಲಾಂತರದಿಂದ ಕಾಡಲ್ಲಿ ಇದ್ದೋರಿಗೆ ಮಾತ್ರ ಜಾಗ ಅಂತ ಕಾನೂನು. ಸಾಕ್ಷಿ ತೋರಿಸಿ, ಇಲ್ಲಾಂದ್ರೆ ಖಾಲಿ ಮಾಡಿ.”

ಜೇನುಗಾರ ಅಜ್ಜ ನೆಟ್ಟ ಮರ ತೋರಿಸಿದ. “ಮರ ತಾನಾಗೇ ಬೆಳೆಯುತ್ತೆ” ಎಂದರು. ಗುಡ್ಡ, ಹಳ್ಳ, ಬಂಡೆಗಳಿಗೆ ತನ್ನವರು ಇಟ್ಟ ಹೆಸರುಗಳನ್ನು ಹೇಳಿದ. “ಹೆಸರು ನಾನೂ ಇಡ್ತೀನಿ” ಎಂದರು. ಅವನಿಗೆ ಹೆಜ್ಜೇನು ಕಡಿದಂತೆ ಮೈಯೆಲ್ಲ ಉರಿಯಿತು. ನಮ್ಮ ಮರದ ನೆರಳಲ್ಲಿ ಕೂತು, ನಮ್ಮ ಹಳ್ಳದ ನೀರು ಕುಡಿದು, ನೀವು ಯಾರು ಅಂತ ನಮ್ಮನ್ನೇ ಕೇಳುವುದೇ!

“ಸಮಾಧಿ ತೋರಿಸೋ ಪೆದ್ದಾ!” ಎಂದು ಪಕ್ಕದ ಗುಡಿಸಲಿನ ಚಿಕ್ಕಮ್ಮ ಕೂಗಿದಳು.

ಮನೆಯ ಹಿಂದೆ ಅಜ್ಜ, ಮುತ್ತಜ್ಜರ ಸಮಾಧಿಗಳಿದ್ದವು. ಸಾಹೇಬರು ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದು, ಮೊದಲ ಸಲ ನಕ್ಕರು. “ಇದಪ್ಪಾ ಸಾಕ್ಷಿ! ಇನ್ನೂ ಇದಾವಾ?”

ಆ ನಗು ಕಂಡದ್ದೇ ತಡ, ನೆರೆಹೊರೆಯವರಿಗೆ ಹುರುಪು ಉಕ್ಕಿತು. ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು “ಅಯ್ಯೋ ನಮ್ಮತ್ತೇ!” ಎಂದು ಗೋಳಾಡಿದಳು. ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಬುಟ್ಟಿ ಹೆಣೆಯುವ ದೊಡ್ಡಪ್ಪ ಕೋಳಿಗೂಡಿನತ್ತ ಕೈ ಚಾಚಿ, “ಇದರ ಕೆಳಗೆ ನಮ್ಮ ಹಿರೀಕರೆಲ್ಲ ಇದಾರೆ” ಎಂದ.

“ಸುಮ್ನಿರಿ ದೊಡ್ಡಪ್ಪ, ಇರೋ ಸಮಾಧಿಗಳೇ ಸಾಕು” ಎಂದು ಜೇನುಗಾರ ಅಂಗಲಾಚಿದ.

“ನಿಮಗೆ ಜಾಗ ಬೇಕೋ ಬೇಡ್ವೋ?” ಎಂದು ಹೆಂಡತಿಯೇ ಗದರಿ, ಒಲೆಯ ಮುಂದಿನ ನೆಲ ತೋರಿಸಿದಳು. “ಇಲ್ಲಿ ನಮ್ಮ ಮಾವನ ಅಣ್ಣ ಮಲಗಿದಾರೆ ಸ್ವಾಮಿ!”

ಸಾಹೇಬರು ಜೊತೆಗೆ ಬಂದಿದ್ದ ಜವಾನನಿಂದ ಗುಡಿಸಲುಗಳ ಸುತ್ತ ಗೂಟ ಹೊಡೆಸಿ ಹಗ್ಗ ಎಳೆಸಿದರು. ಆಮೇಲೆ ಜೇನುಗಾರನ ಕೈ ಕುಲುಕಿದರು. “ನಿಮ್ಮ ಕುಲದ ಹಕ್ಕು ಸಾಬೀತಾಯ್ತು. ನಿಮಗಿಂತ ಹಳಬರು ಈ ಕಾಡಲ್ಲಿ ಯಾರೂ ಇಲ್ಲ.”

ಎಲ್ಲರೂ ಕೇಕೆ ಹಾಕಿದರು. ಅತ್ತೆಯೂ ಸೊಸೆಯನ್ನು ತಬ್ಬಿಕೊಂಡಳು.

“ಸಂಜೆಯೊಳಗೆ ಗುಡಿಸಲು ಕಿತ್ತುಕೊಂಡು ಹೊರಡಿ” ಎಂದರು ಸಾಹೇಬರು.

“ಯಾಕೆ ಸ್ವಾಮಿ?”

“ಇಷ್ಟೊಂದು ಹೆಣ ಹೂತಿರೋ ಜಾಗ ಸ್ಮಶಾನ ಕಣಯ್ಯಾ. ಸ್ಮಶಾನದಲ್ಲಿ ಸಂಸಾರ ಮಾಡೋಕೆ ಕಾನೂನು ಒಪ್ಪಲ್ಲ.”

“ಗೂಡಿನ ಕೆಳಗೆ ಯಾರೂ ಇಲ್ಲ ಸ್ವಾಮಿ, ಬರೀ ಕೋಳಿ ಹಿಕ್ಕೆ!” ಎಂದು ದೊಡ್ಡಪ್ಪ ಬಾಯಿ ಬಡಿದುಕೊಂಡ.

“ಸುಳ್ಳು ಸಾಕ್ಷಿ ಹೇಳಿದ್ರೆ ಜೈಲು.”

ದೊಡ್ಡಪ್ಪ ಕೋಳಿಗೂಡಿನ ಹಿಂದಕ್ಕೆ ಸರಿದ. ಜೇನುಗಾರ ಸಾಹೇಬರ ಜೀಪಿಗೆ ಅಡ್ಡ ನಿಂತ. “ಹಾಗಾದ್ರೆ ಈ ಜಾಗ ಯಾರದ್ದು ಸ್ವಾಮಿ?”

“ನಿಮ್ಮದೇ. ಇಲ್ಲ ಅಂದೋರು ಯಾರು?” ಸಾಹೇಬರು ಜೀಪು ಹತ್ತಿ ಕೂತರು. “ಸತ್ತ ಮೇಲೆ ಬನ್ನಿ. ಆಗ ನಿಮ್ಮನ್ನ ಇಲ್ಲಿಂದ ಯಾರೂ ಎಬ್ಬಿಸೋ ಹಾಗಿಲ್ಲ.”