ಚಾಲೂ ಆಗಬಾರದ ಗಾಡಿ

ತುಳಸೀಬಾಯಿ: ಕೈ ತಗೀರಿ ಅದರ ಮ್ಯಾಲಿಂದ! ಮಾರೂ ಗಾಡಿಗೆ ಎಂಥಾ ಆರೈಕಿ ಅದು?

ಪಂಢರೀನಾಥ: ಮಾರೂ ಗಾಡಿ ಅಂತನ ಆರೈಕಿ. ಹೆಣ್ಣು ನೋಡ್ಲಿಕ್ಕೆ ಬರ್ತಾರಂದ್ರ ತಲಿ ಬಾಚಿ ಕೂಡಸೂದಿಲ್ಲೇನು?

ತುಳಸೀಬಾಯಿ: ಈ ಹೆಣ್ಣಿಗೆ ನಲವತ್ತು ಆಗ್ಯಾವ. ಬಾಚಲಿಕ್ಕೆ ಕೂದಲಾ ಎಲ್ಲಿ ಅವ?

ಪಂಢರೀನಾಥ: ವಯಸ್ಸಿನ ಮಾತು ತಗೀಬ್ಯಾಡ, ತುಳಸಿ. ಅದು ಬಂದ ವರ್ಷನ ನೀನೂ ನಮ್ಮ ಮನಿಗೆ ಬಂದಿ.

ಬಾಗಲಕೋಟೆಯ ನವನಗರದ ಆ ಮನೆಯ ಮುಂದೆ, ಬೇವಿನ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ನಿವೃತ್ತ ವಿಜ್ಞಾನ ಮಾಸ್ತರು ಪಂಢರೀನಾಥ ಕೂತಿದ್ದಾರೆ. ಎದುರಿಗೆ ಹಳೆಯ ಮೋಟರ್‌ಸೈಕಲ್ಲು, ಕೈಯಲ್ಲಿ ಸ್ಕ್ರೂಡ್ರೈವರು. ಹೋದ ತಿಂಗಳು ಇದರ ಕಿಕ್ಕು ತಿರುಗಿ ಒದ್ದು ಮಾಸ್ತರರ ಮೊಣಕಾಲು ಬಾತುಕೊಂಡಿತ್ತು. "ಮನ್ಯಾಗ ಇದು ಇರಬೇಕು, ಇಲ್ಲಾ ನಾ ಇರಬೇಕು" ಎಂದು ಹೆಂಡತಿ ತುಳಸೀಬಾಯಿ ಗುಡುಗಿ, ಗಿರಾಕಿಗೆ ಹೇಳಿಕಳಿಸಿಯೇ ಬಿಟ್ಟರು. ಆ ಗಿರಾಕಿ ಇವತ್ತು ಬರುವವನಿದ್ದಾನೆ. ಮಾಸ್ತರರಿಗೆ ಗಾಡಿ ಕೊಡುವ ಮನಸ್ಸು ಎಳ್ಳಷ್ಟೂ ಇಲ್ಲ, ಹಾಗೆಂದು ಹೇಳುವ ಧೈರ್ಯ ಅದಕ್ಕಿಂತ ಕಡಿಮೆ. ಅದಕ್ಕೇ ರಿಪೇರಿಯ ನೆಪದಲ್ಲಿ ಗಾಡಿಯನ್ನು ಕೆಡಿಸಲು ಕೂತಿದ್ದಾರೆ. ಚಾಲೂ ಆಗದ ಗಾಡಿಯನ್ನು ಯಾವ ಹುಚ್ಚ ಕೊಳ್ಳುತ್ತಾನೆ? ಕಲಿತವರ ಕಳ್ಳತನ ನೋಡಿ, ಪಾಠ ಹೇಳುತ್ತಲೇ ನಡೆಯುತ್ತದೆ.

ತುಳಸೀಬಾಯಿ: ಏನ ಮಾಡ್ಲಿಕ್ಕೆ ಹತ್ತೀರಿ, ಖರೆ ಹೇಳ್ರಿ.

ಪಂಢರೀನಾಥ: ಟೈಮಿಂಗ್ ಕೂಡಸ್ಲಿಕ್ಕೆ ಹತ್ತೇನಿ. ಟೈಮಿಂಗ್ ಅಂದ್ರ ಇಂಜಿನ್ನಿನ್ಯಾಗ ಕಿಡಿ ಬೀಳೂ ವ್ಯಾಳ್ಯಾ. ಈ ಪ್ಲೇಟು ಮುಂದ ಸರಿಸಿದ್ರ ಕಿಡಿ ಲಗೂ ಬೀಳ್ತದ, ಹಿಂದ ಸರಿಸಿದ್ರ ತಡಾ. ನಾ ಯಾವಾಗ್ಲೂ ಮುಂದ ಇಟ್ಟಿರ್ತೇನಿ. ಗಾಡಿ ಚುರುಕ ಇರ್ತದ.

ತುಳಸೀಬಾಯಿ: ಎಣ್ಣಿ ಕಾಯೂದ್ರೊಳಗ ಸಾಸವಿ ಹಾಕಿದಂಗ ಆತು. ಅದಕ್ಕ ಒದೀತದ ಅದು.

ಪಂಢರೀನಾಥ: ಒಗ್ಗರಣಿ ಬ್ಯಾರೆ, ಇಂಜಿನ್ ಬ್ಯಾರೆ! ಇದನ್ನ ನಾ ಬೋರ್ಡಿನ ಮ್ಯಾಲೆ ಚಿತ್ರಾ ತಗದು ಕಲಿಸೇನಿ.

ತುಳಸೀಬಾಯಿ: ಬೋರ್ಡಿನ ಮ್ಯಾಲಿನ ಇಂಜಿನ್ ಯಾರ ಮೊಣಕಾಲಿಗೂ ಒದ್ದಿಲ್ಲ. ಮತ್ತ ಈ ಸಣ್ಣ ಸ್ಕ್ರೂ ಯಾತಕ್ಕ?

ಪಂಢರೀನಾಥ: ಅದು ಪೆಟ್ರೋಲು, ಗಾಳಿ ಹದಾ ಮಾಡೂದು. ಝುಣಕಾ ಇದ್ದಂಗ. ಹಿಟ್ಟು ಹೆಚ್ಚಾದ್ರೂ ಕೆಟ್ಟಿತು, ನೀರು ಹೆಚ್ಚಾದ್ರೂ ಕೆಟ್ಟಿತು. ಬಲಕ್ಕ ತಿರುವಿದ್ರ ಪೆಟ್ರೋಲ್ ಹೆಚ್ಚು, ಎಡಕ್ಕ ತಿರುವಿದ್ರ ಗಾಳಿ ಹೆಚ್ಚು.

ತುಳಸೀಬಾಯಿ: ನೀವು ಬಲಕ್ಕ ತಿರುವಿದ್ರಿ. ಎರಡು ಸುತ್ತು. ನಾ ನೋಡೇನಿ.

ಪಂಢರೀನಾಥ: ಹೂಂ. ಈಗ ನೋಡ್ತಿರು, ಒಂದ ಕಿಕ್ಕಿಗೆ ಚಾಲೂ!

ತುಳಸೀಬಾಯಿ: ಮಾರಲಿಕ್ಕೆ ಅಷ್ಟು ಅವಸರಾ?

ಪಂಢರೀನಾಥ: ಅವಸರಾ ನಂದಲ್ಲ, ನಿಂದು.

ತುಳಸೀಬಾಯಿ: ಹೌದ್ರಿ, ನಂದ! ಏಳ್ರಿ, ಸ್ನಾನಾ ಮಾಡ್ರಿ. ಬಂದವರು ಗಾಡಿ ಬಿಟ್ಟು ನಿಮ್ಮನ್ನ ಗುಜರಿಗೆ ಹಾಕ್ಯಾರು.

ಬಚ್ಚಲಲ್ಲಿ ನೀರಿನ ಸಪ್ಪಳ ಕೇಳಿದ್ದೇ ತಡ, ತುಳಸೀಬಾಯಿ ಸೆರಗು ಸಿಕ್ಕಿಸಿ ಗೋಣಿಚೀಲದ ಮೇಲೆ ಕೂತರು. ಸ್ಕ್ರೂಡ್ರೈವರು ಹಿಡಿದು ಗಾಡಿಯ ಜೊತೆಗೇ ಮಾತಿಗೆ ಇಳಿದರು.

ತುಳಸೀಬಾಯಿ: ಸಿಟ್ಟಿನ್ಯಾಗ ಹೇಳಿಕಳಿಸಿದೆ ನೋಡವ್ವಾ. ಇವರು ಬ್ಯಾಡ ಅಂತಾರಂತ ಮಾಡಿದ್ದೆ, ಅನ್ಲಿಲ್ಲ. ಈಗ ನಾನ ಹಿಂದ ಸರದ್ರ ಸಾಯೂ ತನಕಾ ಅಂದಾಡ್ತಾರ. ನೀ ಹೋದ್ರ ನನ್ನ ಬನಶಂಕರಿಗೆ ಯಾರು ಕರಕೊಂಡು ಹೋಗ್ಬೇಕು? ನಿನ್ನ ಮ್ಯಾಲೆ ನನಗ ಭಾಳ ಜೀವ ಅದ. ಅವರು ಸುಧಾರಸ್ಲಿಕ್ಕೆ ಬಲಕ್ಕ ತಿರುವ್ಯಾರ. ನಾ ಎಡಕ್ಕ ತಿರುವ್ತೇನಿ. ಏನ ಆದ್ರೂ ಚಾಲೂ ಆಗಬ್ಯಾಡ!

ಎರಡು ಸುತ್ತು ತಿರುವಿ, ಕೈ ಒರೆಸಿಕೊಂಡು, ಏನೂ ಅರಿಯದವರ ಹಾಗೆ ಚಹಾಕ್ಕೆ ಇಟ್ಟರು. ಮಾಸ್ತರರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಿರಾಕಿ ನವೀದ ಬಂದ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ ಇವನದೊಂದು ಢಾಬಾ ಇದೆ.

ನವೀದ: ಇದ ಏನ್ರಿ ಸರ್ ಗಾಡಿ? ಚಾಲೂ ಆಗತೈತೇನ್ರಿ?

ಪಂಢರೀನಾಥ: ಸುಳ್ಳ ಯಾಕ ಹೇಳ್ಬೇಕು. ಒದ್ದು ಒದ್ದು ಕಾಲು ಸೋಲ್ತಾವ.

ತುಳಸೀಬಾಯಿ: ಸೋಲೂದೇನು, ಮುರೀತಾವ! ಇವರ ಮೊಣಕಾಲು ನೋಡ್ರಿ.

ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಓರೆಗಣ್ಣಿನಿಂದ ನೋಡಿದರು. ನವೀದನ ಮುಖ ಮಾತ್ರ ಅರಳಿತು.

ನವೀದ: ಭಾಳ ಛಲೋ ಆತು! ಹೊಗಿ?

ಪಂಢರೀನಾಥ: ಒಮ್ಮೆ ಬಿಟ್ರ ಓಣಿ ಕಾಣೂದಿಲ್ಲ.

ತುಳಸೀಬಾಯಿ: ಇದರ ಹಿಂದ ಕೂತು ಬಾದಾಮಿಗೆ ಹೋಗಿ ಇಳಿದ್ರ, ನನ್ನ ಮಾರಿ ನೋಡಿ ಅಲ್ಲಿನ ಮಂಗ್ಯಾ ಓಡಿ ಹೋಗ್ತಾವ.

ನವೀದ: ಬೇಷ್! ಹಂಗಾರ ಇದು ನಂದು. ಪಕ್ಕಾ. ಈಗ ಟೆಂಪೋ ತರಸ್ತೇನಿ.

ಪಂಢರೀನಾಥ: ತಡೀಪಾ! ಚಾಲೂ ಆಗೂದಿಲ್ಲಂದ್ರೂ ತಗೋತೀಯಾ?

ನವೀದ: ಚಾಲೂ ಆಗೂದಿಲ್ಲಂದ್ರನ ಬೇಕ್ರಿ! ಢಾಬಾದ ಮುಂದ ಸಿಮೆಂಟಿನ ಕಟ್ಟಿ ಕಟ್ಟಸೇನಿ. ಮ್ಯಾಲೆ ನಿಂದ್ರಿಸಿ ಲೈಟಿನ ಸರಾ ಹಾಕ್ತೇನಿ, ಮಂದಿ ಹತ್ತಿ ಫೋಟೋ ತಗೋತಾರ. ಮೊದಲ ಒಂದು ಸ್ಕೂಟರ್ ಇಟ್ಟಿದ್ದೆ, ಚಾಲೂ ಇದ್ದದ್ದು. ಒಬ್ಬಾಂವ ಉಂಡು, ಕೈ ತೊಳಕೊಂಡು, ಫೋಟೋಕ್ಕಂತ ಹತ್ತಿದಾಂವ ಸೀದಾ ಕೂಡಲಸಂಗಮದ ಕಡೆ ಹೋದ. ಇನ್ನೂ ಬಂದಿಲ್ರಿ. ಇನ್ನ ಮ್ಯಾಲೆ ನನಗ ಸತ್ತ ಗಾಡೀನ ಬೇಕು.

ತುಳಸೀಬಾಯಿ ಚಹಾದ ಕಪ್ಪು ಕೆಳಗಿಟ್ಟು ಗಾಡಿಗೆ ಅಡ್ಡ ಬಂದು ನಿಂತರು.

ತುಳಸೀಬಾಯಿ: ಚಾಲೂ ಆಗ್ತದ್ರಿ! ಛಂದಾಗಿ ಆಗ್ತದ!

ಪಂಢರೀನಾಥ: ಒಂದ ಕಿಕ್ಕಿಗೆ!

ನವೀದ: ಈಗರ ಮಂಗ್ಯಾ ಓಡತಾವ ಅಂದ್ರಿ?

ತುಳಸೀಬಾಯಿ: ಮಂಗ್ಯಾಗೋಳ ಸ್ವಭಾವನ ಹಂಗ! ಅದಕ್ಕ ಗಾಡಿ ಏನ ಮಾಡ್ತದ?

ನವೀದ: ಒಂದ ಕಿಕ್ ಒದೀರಿ ಹಂಗಾರ. ಚಾಲೂ ಆದ್ರ ನಾ ಬರಿಗೈಲೆ ಹೋಗ್ತೇನಿ. ಆಗ್ಲಿಲ್ಲಂದ್ರ ಟೆಂಪೋ.

ಮಾಸ್ತರರು ಗಾಡಿಯ ಹತ್ತಿರ ಹೋಗಿ ನಿಂತರು. ಒದೆಯುವ ಬದಲು ಹೆಂಡತಿಯ ಕಿವಿಯ ಹತ್ತಿರ ಬಾಗಿದರು.

ಪಂಢರೀನಾಥ: ತುಳಸಿ, ನಾನ ಇದನ್ನ ಕೊಂದೆ. ಇದು ಹೋಗಬಾರದಂತ ಬೇಕಂತನ ಬಲಕ್ಕ ತಿರುವಿ ಕೆಡಿಸೇನಿ.

ತುಳಸೀಬಾಯಿ: ಅಯ್ಯ ನನ ದೇವರ! ನೀವು ಸುಧಾರಸ್ಲಿಕ್ಕೆ ಹತ್ತೀರಂತ ತಿಳದು, ಕೆಡಲಿ ಅಂತ ನಾ ಎಡಕ್ಕ ತಿರುವಿದೆ!

ಪಂಢರೀನಾಥ: ನೀನೂ?... ಎಷ್ಟು ಸುತ್ತು?

ತುಳಸೀಬಾಯಿ: ಎರಡು.

ಮಾಸ್ತರರ ಕಣ್ಣು ಹೊಳೆಯಿತು. ಮರುಗಳಿಗೆ ಮತ್ತೆ ಮಂಕಾಯಿತು.

ಪಂಢರೀನಾಥ: ಹದಾ ಮೊದಲಿನಂಗ ಆತು ಖರೆ. ಆದ್ರ ಟೈಮಿಂಗ್ ಸುದ್ದಾ ಕೆಡಿಸೇನಲ್ಲ, ಹಿಂದ ಸರಿಸಿ!

ತುಳಸೀಬಾಯಿ: ಹಿಂದ ಅಂದ್ರ? ಎಣ್ಣಿ ಕಾದ ಮ್ಯಾಲೆ ಸಾಸವಿ ಹಾಕಿದಂಗ ಅಲ್ಲೇನು?

ಪಂಢರೀನಾಥ: ...ಹಂಗೂ ಅನ್ಬಹುದು.

ತುಳಸೀಬಾಯಿ: ಒದೀರಿ ಮತ್ತ! ಏನ ನಿಂತೀರಿ?

ಮಾಸ್ತರರು ಕಣ್ಣು ಮುಚ್ಚಿ ಒದ್ದರು. ಕಿಕ್ಕು ತಿರುಗಿ ಒದೆಯಲಿಲ್ಲ. ಹೊಗೆ ಬರಲಿಲ್ಲ. ಡಗ್ ಡಗ್ ಡಗ್ ಎಂದು ಗಾಡಿ ಇಷ್ಟು ವರ್ಷಗಳಲ್ಲಿ ಎಂದೂ ಓಡದಷ್ಟು ಸಮನಾಗಿ ಓಡತೊಡಗಿತು. ತುಳಸೀಬಾಯಿ ಗಿರಾಕಿಯ ಎದುರೇ ಅದರ ಪೆಟ್ರೋಲ್ ಟಾಕಿಯನ್ನು ಎರಡೂ ಕೈಯಿಂದ ಸವರಿ ನೆಟಿಗೆ ಮುರಿದರು.

ತುಳಸೀಬಾಯಿ: ಅಂದ್ರ ಇಷ್ಟು ವರ್ಷ ನಿಮ್ಮ ಟೈಮಿಂಗ್ ತಪ್ಪಿತ್ತು!

ಪಂಢರೀನಾಥ: ತಪ್ಪಲ್ಲ. ಸ್ವಲ್ಪ ಮುಂಚೆ ಇತ್ತು.

ನವೀದ: ಏನ್ರಿ ಸರ್ ಇದು, ಪೂರಾ ಜೀವಂತ ಐತಲ್ರಿ! ಸುಮ್ಮ ಬಂದಂಗಾತು.

ತುಳಸೀಬಾಯಿ: ಸುಮ್ಮ ಯಾಕ, ಚಹಾ ಕುಡದು ಹೋಗ್ರಿ.

ನವೀದ ಚಹಾ ಕುಡಿದ. ಗೇಟಿನವರೆಗೆ ಹೋದವನು ಆಸೆ ಬಿಡದೆ ಮತ್ತೆ ತಿರುಗಿ ನಿಂತ.

ನವೀದ: ಅಕ್ಕಾರ, ಇದು ಪೂರಾ ಕೆಟ್ಟು ನಿಂತ ದಿನಾ ನನಗೊಂದು ಫೋನ್ ಹಚ್ರಿ.

ತುಳಸೀಬಾಯಿ: ಹಚ್ತೇನಪಾ. ಇವರು ಖರೇನ ಸುಧಾರಸ್ಲಿಕ್ಕೆ ಕೂತ ದಿನಾ ಹಚ್ತೇನಿ.