ಓಡಿ ಹೋದ ಭಾನುವಾರ

ದೂರ ಓಡುವ ಹವ್ಯಾಸದವರ ಬಗ್ಗೆ ಜನರಿಗೆ ಒಂದು ತಪ್ಪು ಕಲ್ಪನೆಯಿದೆ. ನಾವು ಕಾಲಿನಿಂದ ಓಡುತ್ತೇವೆ ಎಂದುಕೊಂಡಿದ್ದಾರೆ. ಮುಕ್ಕಾಲು ಪಾಲು ನಾವು ಓಡುವುದು ಬಾಯಿಂದ. ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಓಟಗಾರರ ಗುಂಪಿಗೆ ಸೇರಿದ ಮೇಲೆ ನಾನು ಕಂಡುಕೊಂಡ ಸತ್ಯ ಇದು. ಅಲ್ಲಿ ಒಂದು ಗಂಟೆ ಓಡಿದವನು ಅದರ ಬಗ್ಗೆ ಎರಡು ಗಂಟೆ ಮಾತಾಡುತ್ತಾನೆ. ಮೊದಲು ಮಂಡಿಯ ಸುದ್ದಿ, ಆಮೇಲೆ ಹಿಮ್ಮಡಿಯ ಸುದ್ದಿ, ಕೊನೆಗೆ ಮೀನಖಂಡದ ಸುದ್ದಿ. ನಲವತ್ತೇಳು ವರ್ಷ ನನ್ನ ಮೀನಖಂಡ ತನ್ನ ಪಾಡಿಗೆ ತಾನು ಪ್ಯಾಂಟಿನೊಳಗೆ ಇತ್ತು. ಈಗ ಅದರ ಯೋಗಕ್ಷೇಮವನ್ನು ಹೆಂಡತಿಯ ಯೋಗಕ್ಷೇಮಕ್ಕಿಂತ ಹೆಚ್ಚು ವಿಚಾರಿಸುತ್ತೇನೆ ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಇದ್ದರೂ ಇರಬಹುದು.

ನೋಯ್ಡಾದ ಆಫೀಸಿನಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡಾಗ ಡಾಕ್ಟರು ನಡೆಯಿರಿ ಎಂದಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಪಾರ್ಕಿನಲ್ಲಿ ನಡೆಯುತ್ತಿದ್ದವನನ್ನು ಹಿಂದಿನಿಂದ ಬಂದ ಒಬ್ಬ ಹೆಂಗಸು ದಾಟಿ, ತಿರುಗಿ ನೋಡಿ, "ಭಾಯಿಸಾಬ್, ಥೋಡಾ ದೌಡ್ ಭೀ ಲಿಯಾ ಕರೋ" ಎಂದರು. ಸ್ವಲ್ಪ ಓಡಿಯೂ ಓಡಿ ಅಂತ. ಅವರೇ ಪಿಂಕಿ ಜೀ. ನಮ್ಮದೇ ಅಪಾರ್ಟ್‌ಮೆಂಟಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಎರಡು ಮೊಮ್ಮಕ್ಕಳ ಅಜ್ಜಿ, ನಮ್ಮ ಗುಂಪಿನ ನಾಯಕಿ. ಅವರ ಬೆನ್ನನ್ನು ನೋಡುತ್ತಾ ಎಂಟು ತಿಂಗಳು ಓಡಿದ್ದೇನೆ. ಮುಖಕ್ಕಿಂತ ಬೆನ್ನಿನ ಪರಿಚಯವೇ ನನಗೆ ಹೆಚ್ಚು. ನಾನು ಸುಸ್ತಾಗಿ ನಿಂತರೆ ಅವರು ವಾಪಸ್ ಬಂದು, "ದರ್ದ್ ಹೋ ರಹಾ ಹೈ? ಬಹುತ್ ಅಚ್ಛಾ" ಎನ್ನುತ್ತಿದ್ದರು. ನೋವಾಗುತ್ತಿದ್ದರೆ ಸರಿಯಾಗಿ ಓಡುತ್ತಿದ್ದೀಯ ಎಂಬುದು ಅವರ ಸಿದ್ಧಾಂತ. ಚಳಿ ಮುಗಿಯುವ ಹೊತ್ತಿಗೆ ಒಂದು ಪೂರ್ತಿ ಮ್ಯಾರಥಾನ್ ಓಡಿಸಿಯೇ ಬಿಡುತ್ತೇನೆ ಎಂದು ಅವರು ಪಣ ತೊಟ್ಟಿದ್ದರು. ನಾನು ತೊಟ್ಟಿದ್ದು ಬೂಟು ಮಾತ್ರ.

ಮನೆಯಲ್ಲಿ ಇದರಿಂದ ಆದ ಬದಲಾವಣೆಗಳನ್ನು ಆಗ ನಾನು ಗಮನಿಸಲಿಲ್ಲ. ರಾತ್ರಿ ಒಂಬತ್ತಕ್ಕೆ ಮಲಗುತ್ತಿದ್ದೆ. ಕತ್ತಲಲ್ಲೇ ಏಳುವಾಗ ಸುಮಾಳ ನಿದ್ದೆ ಕೆಡದಿರಲಿ ಎಂದು ಬೇರೆ ಕೋಣೆಗೆ ಹೋದೆ. ಹೊಟ್ಟೆ ಕರಗಿತು, ಕೆನ್ನೆ ಒಳಗೆ ಹೋಯಿತು. ಯಾರಾದರೂ ಮಾತಾಡಿಸಿದರೆ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಭಾನುವಾರದ ದೀರ್ಘ ಓಟ ಮುಗಿಸಿ ಬಂದರೆ ಉಳಿದ ದಿನವೆಲ್ಲ ರಿಕವರಿ, ಅಂದರೆ ಚೇತರಿಕೆ, ಅಂದರೆ ಗೋಡೆಗೆ ಕಾಲು ಎತ್ತಿಟ್ಟು ಮಲಗಿ ಬಾಳೆಹಣ್ಣು ತಿನ್ನುವುದು. ತುಮಕೂರಿನ ತವರಿನವರು ಕೇಳಿದರೆ ಸುಮಾ, "ವಾಕಿಂಗ್ ಹೋಗ್ತಾರೆ" ಎಂದಷ್ಟೇ ಹೇಳುತ್ತಿದ್ದಳು. ಈ ವಯಸ್ಸಿನಲ್ಲಿ ಅಳಿಯ ಗಾಜಿಯಾಬಾದಿನ ಧೂಳಿನಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತಾನೆ ಎಂದು ಹೇಳಲು ಅವಳಿಗೆ ನಾಚಿಕೆ.

ಹೋದ ಚಳಿಗಾಲದಲ್ಲಿ ತನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಸುಮಾ ತುಮಕೂರಿಗೆ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ವಿಮಾನ, ಮಧ್ಯಾಹ್ನ ದೆಹಲಿ. ನನ್ನ ಲೆಕ್ಕ ಸುಲಭವಾಗಿತ್ತು. ಬೆಳಿಗ್ಗೆ ದೀರ್ಘ ಓಟ, ಆಮೇಲೆ ಸ್ನಾನ, ಆಮೇಲೆ ಕಾರು ತೆಗೆದುಕೊಂಡು ವಿಮಾನ ನಿಲ್ದಾಣ. ಎಂಟನೇ ಕ್ಲಾಸಿನ ಮಗಳು ಇಂಚರಾಳಿಗೆ ಹಿಂದಿನ ದಿನವೇ ಹೇಳಿ, ಅವಳು ಮಲಗಿದ್ದಾಗಲೇ ಹೊರಟೆ. ಫೋನು ಭಾರ ಎಂದು ಮನೆಯಲ್ಲೇ ಬಿಟ್ಟೆ.

ಒಂಬತ್ತು ದಾಟಿದ ಮೇಲೆ ಕಾಲೆಳೆದುಕೊಂಡು ವಾಪಸ್ ಬಂದೆ. ಇಂಚರಾ ಸೋಫಾದ ಮೇಲೆ ಕೂತು ನನ್ನ ಫೋನನ್ನು ಹಾವನ್ನು ನೋಡುವಂತೆ ನೋಡುತ್ತಿದ್ದಳು.

"ಅಜ್ಜಿ ಫೋನ್ ಬಂದಿತ್ತು ಪಪ್ಪಾ. ಬಹುತ್ ಅಜೀಬ್, ಏನೋ ವಿಚಿತ್ರ ಥರ ಮಾತಾಡಿದ್ರು. ಆಮೇಲೆ ಎಲ್ಲರೂ ಮಾಡ್ತಾನೇ ಇದಾರೆ. ನಂಗೆ ಡರ್ ಆಗಿ ಎತ್ತಲಿಲ್ಲ."

"ಅಜ್ಜಿಗೆ ನೀನು ಏನು ಹೇಳಿದೆ?"

"ಪಪ್ಪ ಎಲ್ಲಿ ಅಂದ್ರು. ಓಡಿ ಹೋದ್ರು ಅಂದೆ."

ಬಾಯಿಗೆ ಇಟ್ಟ ನೀರಿನ ಬಾಟಲಿ ಹಾಗೇ ನಿಂತಿತು. "ಆಮೇಲೆ?"

"ಒಬ್ಬರೇನಾ ಅಂದ್ರು. ನಹೀ ಅಜ್ಜಿ, ಪಿಂಕಿ ಆಂಟಿ ಜೊತೆ ಅಂದೆ. ಯಾವಾಗ ಅಂದ್ರು. ಕತ್ತಲಲ್ಲೇ, ನಾನು ಮಲಗಿದ್ದೆ, ಫೋನ್ ಕೂಡ ಬಿಟ್ಟು ಹೋಗಿದಾರೆ ಅಂದೆ. ಯಾವಾಗ ಬರ್ತಾರೆ ಅಂದ್ರು. ಪತಾ ನಹೀ, ಈ ಸಲ ತುಂಬಾ ದೂರ ಅಂತಿದ್ರು ಅಂದೆ. ಸಚ್ ಹೀ ತೋ ಹೈ, ನಿಜಾನೇ ಅಲ್ವಾ ಪಪ್ಪಾ."

"ಅಷ್ಟೇ ತಾನೆ?"

"ಅಮ್ಮಂಗೆ ಇದೆಲ್ಲ ಗೊತ್ತಾ ಅಂದ್ರು. ಗೊತ್ತು ಅಜ್ಜಿ, ಅಮ್ಮ ಕುಛ್ ಭೀ ಹೇಳಲ್ಲ, ಅಭ್ಯಾಸ ಆಗೋಗಿದೆ ಅಂದೆ."

ಮಗಳ ತಪ್ಪು ಏನೂ ಇಲ್ಲ. 'ಓಡೋಕೆ ಹೋದ್ರು' ಎನ್ನುವುದಕ್ಕೂ 'ಓಡಿ ಹೋದ್ರು' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ದೆಹಲಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಯಾರು ಹೇಳಿಕೊಡಬೇಕು? ನಾನೇ ಹೇಳಿಕೊಡಬೇಕಿತ್ತು. ನಾನು ಓಡುತ್ತಿದ್ದೆ. ಅತ್ತ ನಾಮಕರಣದ ಮನೆ, ನೆಂಟರು ಇನ್ನೂ ಚಾಪೆ ಮಡಿಸಿಲ್ಲ. ಅಂಥ ಕಡೆ ಈ ಮಾತು ಬಿದ್ದರೆ ಎಷ್ಟು ಹೊತ್ತು ಒಂದು ಕೋಣೆಯಲ್ಲಿ ನಿಲ್ಲುತ್ತದೆ? ಅದೂ 'ಪಿಂಕಿ' ಎಂಬ ಹೆಸರು. ಆ ಹೆಸರು ಕೇಳಿದ ತುಮಕೂರಿನವರ ಕಣ್ಣಮುಂದೆ ಮೊಮ್ಮಕ್ಕಳಿರುವ ಅಜ್ಜಿ ಖಂಡಿತ ಬರುವುದಿಲ್ಲ.

ಅತ್ತೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಎಲ್ಲಿಂದ ಮಾತಾಡ್ತಿದೀರಿ?" ದನಿ ತಣ್ಣಗಿತ್ತು.

"ಮನೆಯಿಂದ ಅತ್ತೆ."

"ಯಾರ ಮನೆಯಿಂದ?"

"ನಮ್ಮನೆಯಿಂದಾನೇ. ಅವಳು ಹೇಳಿದ್ದು ತಪ್ಪಾಯ್ತು, ನಾನು ಓಡೋಕೆ ಹೋಗಿದ್ದೆ."

"ಯಾಕೆ ಓಡಬೇಕಾಯ್ತು? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?"

"ಆರೋಗ್ಯಕ್ಕೆ ಅತ್ತೆ. ಎಂಟು ತಿಂಗಳಿಂದ ಹೋಗ್ತಿದೀನಿ."

"ಎಂಟು ತಿಂಗಳು. ಆ ಪಿಂಕಿ ಜೊತೇಲಿ."

"ಅವರು ತುಂಬಾ ಒಳ್ಳೆಯವರು ಅತ್ತೆ, ನೀವು ಒಂದು ಸಲ ನೋಡಿದ್ರೆ..." ಎಂದು ಶುರು ಮಾಡಿದೆ. ಆ ಕಡೆ ಅಳು ಕೇಳಿಸಿತು. ಫೋನು ಬಾಮೈದ ಗಿರೀಶನ ಕೈಗೆ ಹೋಯಿತು. "ಭಾವ, ಅದಕ್ಕೇ ಇಷ್ಟು ಸೊರಗಿದೀರಿ ಅಂತ ಈಗ ಗೊತ್ತಾಯ್ತು. ಅಕ್ಕಂಗೆ ಎಲ್ಲಾ ಮೆಸೇಜ್ ಹಾಕಿದೀನಿ, ಇಳಿದ ತಕ್ಷಣ ನೋಡ್ತಾಳೆ" ಎಂದವನೇ ಇಟ್ಟುಬಿಟ್ಟ.

ಸುಮಾ ಆಗ ಆಕಾಶದಲ್ಲಿದ್ದಳು. ಅವಳ ಫೋನು ಆಫ್. ಅವಳು ಕೆಳಗಿಳಿದು ಅದನ್ನು ಆನ್ ಮಾಡಿದ ಗಳಿಗೆಯಲ್ಲಿ ಇಡೀ ನಾಮಕರಣದ ಮನೆ ಅವಳ ಕಿವಿಗೆ ಬೀಳುತ್ತದೆ. ಅದಕ್ಕೆ ಮುಂಚೆ ನನ್ನ ಮಾತು ಅವಳನ್ನು ತಲುಪಬೇಕು. ತಲುಪದಿದ್ದರೆ? ನನಗೆ ನಿಜವಾಗಿ ಭಯವಾಯಿತು. ಯಾಕೆಂದರೆ ಸೋಫಾದ ಮೇಲೆ ಕೂತು ಅವಳ ಕಡೆಯಿಂದ ಯೋಚಿಸಿದಾಗ ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಗಂಡ ಬೇರೆ ಕೋಣೆಯಲ್ಲಿ ಮಲಗುತ್ತಾನೆ, ಕತ್ತಲಲ್ಲಿ ಎದ್ದು ಹೋಗುತ್ತಾನೆ, ತೆಳ್ಳಗಾಗಿದ್ದಾನೆ, ಬಣ್ಣಬಣ್ಣದ ಬಟ್ಟೆ ಹಾಕುತ್ತಾನೆ, ಬಾಯಿಬಿಟ್ಟರೆ ಪಿಂಕಿ ಜೀ ಹೀಗಂದ್ರು ಹಾಗಂದ್ರು ಎನ್ನುತ್ತಾನೆ. ಅವಳ ಜಾಗದಲ್ಲಿದ್ದರೆ ನಾನೇ ನಂಬುತ್ತಿದ್ದೆ. ಎಂಟು ತಿಂಗಳಲ್ಲಿ ಅವಳ ಹತ್ತಿರ ನೆಟ್ಟಗೆ ಕೂತು ಮಾತಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ.

ಮೆಸೇಜ್ ಬರೆದೆ: "ಯಾರು ಏನೇ ಹೇಳಿದರೂ ನಂಬಬೇಡ." ಕಳಿಸಿದ ಮೇಲೆ ಓದಿಕೊಂಡೆ. ತಪ್ಪು ಮಾಡಿದ ಗಂಡಸರೆಲ್ಲ ಬರೆಯುವ ವಾಕ್ಯ ಅದು. ಅಳಿಸಿದೆ. ಅದರ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಬಂದು ಕೂತಿತು. ಇದು ಅದಕ್ಕಿಂತ ಕೆಟ್ಟದಾಗಿ ಕಂಡಿತು. ಅದರ ಕೆಳಗೆ ಇನ್ನೊಂದು ಬರೆದು ಅದನ್ನೂ ಅಳಿಸಿದೆ. ಈಗ ಎರಡಾದವು. ಇನ್ನು ಬರೆದು ಪ್ರಯೋಜನವಿಲ್ಲ, ಎದುರಿಗೆ ಹೋಗಿ ನಿಲ್ಲುವುದೇ ಸರಿ ಎಂದು ಸ್ನಾನವನ್ನೂ ಬಿಟ್ಟು, ಮಗಳನ್ನು ಎಳೆದುಕೊಂಡು ಕೆಳಗೆ ಓಡಿದೆ. ಓಡಿದೆ ಎನ್ನುವುದು ಮಾತಿಗೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಅಡ್ಡಡ್ಡ ಇಳಿದೆ, ಆ ಹಾಳು ಲಿಫ್ಟು ಆವತ್ತೇ ರಿಪೇರಿಯಲ್ಲಿತ್ತು.

ಕಾರಿನಲ್ಲಿ ಕೂತು ಕ್ಲಚ್ ಒತ್ತಿದೆ. ಎಡಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಂಡಿತು. ಅಮ್ಮಾ ಎಂದು ಕೂಗಿದೆ. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಕೂಗಿದೆ. ಬಾಡಿಗೆ ಕಾರು ಕರೆದರೆ ಒಪ್ಪಿಕೊಂಡವನು ವಿಮಾನ ನಿಲ್ದಾಣ ಎಂದ ಕೂಡಲೇ ರದ್ದು ಮಾಡಿದ. ಎರಡನೆಯವನೂ ಹಾಗೇ ಮಾಡಿದ. ಗೇಟಿನ ಕಾವಲುಗಾರ ಭಯ್ಯಾನನ್ನು ಆಟೋ ಹುಡುಕಲು ಕಳಿಸಿದೆ. ಅವನು ಆಟೋ ತರಲಿಲ್ಲ, ಅದೇ ಗೇಟಿನಿಂದ ಹೊರಗೆ ಹೊರಟಿದ್ದ ಒಂದು ಕಾರನ್ನು ನಿಲ್ಲಿಸಿದ. ಕಿಟಕಿ ಇಳಿಯಿತು. ಪಿಂಕಿ ಜೀ.

"ಕ್ಯಾ ಹುವಾ, ರಾವ್ ಜೀ? ಏರ್‌ಪೋರ್ಟ್? ಚಲೋ, ಬೈಠೋ."

ಬೇಡ ಎಂದೆ. ಯಾಕೆ ಎಂದು ಕೇಳಿದರು. ಏನು ಹೇಳಲಿ? ನಿಮ್ಮ ಜೊತೆ ಓಡಿ ಹೋಗಿದ್ದೇನೆ ಎಂದು ನನ್ನ ಅತ್ತೆ ಅಳುತ್ತಿದ್ದಾರೆ ಎಂದು ಹಿಂದಿಯಲ್ಲಿ ಹೇಳುವಷ್ಟು ಧೈರ್ಯ ಇರಲಿಲ್ಲ. ಗಡಿಯಾರ ನೋಡಿದೆ. ಹತ್ತಿದೆ.

ಯಮುನೆ ದಾಟುವಾಗ ನನ್ನ ಫೋನು ಬಡಿದುಕೊಂಡಿತು. ನಾನು ಕಾಲು ಹಿಡಿದುಕೊಂಡು ನರಳುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದ ಮಗಳು ಕೈಚಾಚಿ ಎತ್ತಿದಳು. ನಾನು ತಿರುಗುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. "ಹಾಂ ಅಜ್ಜಿ... ಪಪ್ಪ ಇಲ್ಲೇ ಇದಾರೆ, ಪಿಂಕಿ ಆಂಟಿ ಕಾರಲ್ಲಿ... ಏರ್‌ಪೋರ್ಟ್‌ಗೆ ಹೋಗ್ತಿದೀವಿ... ಹಾಂ, ನನ್ನನ್ನೂ ಕರ್ಕೊಂಡು ಹೋಗ್ತಿದಾರೆ." ಫೋನು ಕಿತ್ತುಕೊಂಡೆ. ಆ ಕಡೆ ಹಲವು ದನಿಗಳು ಒಟ್ಟಿಗೆ ಏರಿ, ಕಡಿದುಹೋದವು. ಪಿಂಕಿ ಜೀ ಪ್ರಸನ್ನರಾಗಿ, "ನಾನೀ ಥೀ? ಮೇರಾ ನಮಸ್ತೇ ಬೋಲ್ನಾ ಥಾ" ಎಂದರು. ಅಜ್ಜಿಯಾ, ನನ್ನ ನಮಸ್ಕಾರ ಹೇಳಬೇಕಿತ್ತು ಅಂತ.

ನಿಲ್ದಾಣದಲ್ಲಿ ಅವರು ಕಾರು ನಿಲ್ಲಿಸಿ ನನ್ನ ತೋಳು ಹಿಡಿದುಕೊಂಡೇ ಒಳಗೆ ನಡೆಸಿದರು. ಬಿಟ್ಟರೆ ಬಿದ್ದುಹೋಗುತ್ತಿದ್ದೆ. ಇಬ್ಬರೂ ಗುಂಪಿನ ಒಂದೇ ಕಿತ್ತಳೆ ಬಣ್ಣದ ಟೀ ಶರ್ಟಿನಲ್ಲಿದ್ದೇವೆ ಎಂಬುದು ಆಗ ಹೊಳೆಯಿತು. ಬಿಡಿ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಸುಮಾ ಬಂದಳು. ಸಾಮಾನಿನ ಗಾಡಿ ತಳ್ಳುತ್ತಾ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬರುತ್ತಿದ್ದಳು. ನನ್ನನ್ನು ನೋಡಿದಳು. ತೋಳು ಹಿಡಿದ ಕೈಯನ್ನು ನೋಡಿದಳು. ಮಾತಾಡಲು ಹೋದೆ, ತಡೆಯಿರಿ ಎಂದು ಅಂಗೈ ತೋರಿಸಿದಳು.

"ಅಮ್ಮ, ಇಲ್ಲೇ ಇದಾರೆ, ಎದುರಿಗೇ... ಹೂಂ, ಅವರೂ ಇದಾರೆ. ಅಳಬೇಡ, ಇಲ್ಲಿ ಕೇಳು. ಎಂಟು ತಿಂಗಳಿಂದ ಓಡ್ತಾನೇ ಇದಾರೆ, ಎಲ್ಲಿಗಾದ್ರೂ ಹೋದ್ರಾ? ದಿನಾ ತಿಂಡಿ ಹೊತ್ತಿಗೆ ಸರಿಯಾಗಿ ವಾಪಸ್ ಬರ್ತಾರೆ." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಇಲ್ಲಮ್ಮ, ನಂಗೇನೂ ಅನ್ನಿಸಲಿಲ್ಲ. ಇವರ ಕೈಲಿ ಅದೆಲ್ಲ ಆಗತ್ತಾ?"

ನನಗೆ ಅಳುವೇ ಬಂತು, ಸಮಾಧಾನಕ್ಕೆ. ನನ್ನ ಮನೆ ನನಗೆ ಉಳಿದಿತ್ತು. ವಾಪಸ್ ಬರುವಾಗ ಸುಮಾ ಮುಂದಿನ ಸೀಟಿನಲ್ಲಿ ಕೂತು ಪಿಂಕಿ ಜೀಗೆ ನಡೆದದ್ದೆಲ್ಲವನ್ನೂ ಹೇಳಿದಳು. ಅವರು ಸ್ಟಿಯರಿಂಗ್ ಮೇಲೆ ಕೈ ಬಡಿದು ಬಡಿದು ನಕ್ಕರು, ಕಣ್ಣು ಒರೆಸಿಕೊಂಡರು, ತಿರುಗಿ ನನ್ನನ್ನು ನೋಡಿ ಮತ್ತೆ ನಕ್ಕರು. ಹಿಂದಿನ ಸೀಟಿನಲ್ಲಿ ಮಗಳ ಮೇಲೆ ಕಾಲು ಚಾಚಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದ ನನಗೆ ಸಮಾಧಾನದ ಹಿಂದೆಯೇ ಇನ್ನೇನೋ ಚುಚ್ಚತೊಡಗಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಅಷ್ಟೆಲ್ಲ ಮೆಸೇಜ್ ನೋಡಿದಾಗ ನಿನಗೆ ಒಂದು ನಿಮಿಷಾನೂ ಅನುಮಾನ ಬರಲಿಲ್ವಾ?"

ಸುಮಾ ಹಿಂದಕ್ಕೆ ತಿರುಗಿ ನಿಜವಾಗಿಯೂ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು.

"ಯಾರ ಮೇಲೆ ರೀ?" ಎಂದಳು.