ಬಿಲ್ಲೆ ಇದ್ದವರಿಗೆ ಬಿಸಿನೀರು

"ಈ ಸಲದ ರಜೇಲಿ ನಮ್ಮ ಬಚ್ಚಲುಮನೆಗೆ ಶಿಸ್ತು ಕಲಿಸ್ದೇ ಇದ್ರೆ ನಾನು ಕೌಂಟರಪ್ಪನೇ ಅಲ್ಲ, ತಿಳ್ಕೋ!"

ಹೀಗೆಂದು ಕೌಂಟರಪ್ಪ ಊಟದ ಮೇಜನ್ನು ಗುದ್ದಿದ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹೆಂಡತಿ ಒರೆಸುವ ಬಟ್ಟೆ ತಂದು ಅವನ ಮುಂದಿಟ್ಟಳು. ಆಕೆ ಆಸ್ಪತ್ರೆಯಲ್ಲಿ ನರ್ಸು. ಜ್ವರ ನೆತ್ತಿಗೇರಿದವರ ಮಾತನ್ನು ಕೇಳಿಯೂ ಕೇಳದಂತಿರುವುದು ಆಕೆಗೆ ಅಭ್ಯಾಸ.

ಕೌಂಟರಪ್ಪ ಎನ್ನುವುದು ತಂದೆ ತಾಯಿ ಇಟ್ಟ ಹೆಸರೇನಲ್ಲ. ಬ್ಯಾಂಕಿನ ನಗದು ಕೌಂಟರಿನ ಗಾಜಿನ ಹಿಂದೆ ಕೂತು ಕೂತೇ ತಲೆ ನರೆತದ್ದಕ್ಕೆ ಬೀದಿಯವರು ಕೊಟ್ಟ ಬಿರುದು. ಸಾಲು ಎಂದರೆ ಅವನಿಗೆ ಪ್ರಾಣ. ಗೋಡೆಯ ಮೇಲೆ ಇರುವೆ ಸಾಲು ಕಂಡರೂ ನಿಂತು ಮೆಚ್ಚುವವನು. ನಡುವೆ ಒಂದು ಇರುವೆ ಅಡ್ಡ ನುಗ್ಗಿದರೆ, "ಏಯ್, ಹಿಂದೆ ಹೋಗು!" ಎಂದು ಗದರಿಸುವವನು.

ಅಂಥವನ ಮನೆಯಲ್ಲೇ ವರ್ಷವರ್ಷವೂ ಚಳಿಗಾಲದ ರಜೆಗೆ ದೊಂಬಿ! ಹೆಂಡತಿಯ ಕಡೆಯವರೆಲ್ಲ ಬರುತ್ತಿದ್ದರು. ಅತ್ತೆ, ನಾದಿನಿ, ನಾದಿನಿಯ ಗಂಡ, ಅವರ ಮೂವರು ಮಕ್ಕಳು. ಮನೆಗಿದ್ದದ್ದು ಒಂದೇ ಬಚ್ಚಲುಮನೆ. ಅಲ್ಲಿದ್ದ ಹೀಟರೋ, ಒಂದು ಬಕೆಟ್ಟು ಬಿಸಿನೀರು ಕೊಟ್ಟು ಉಸ್ಸಪ್ಪಾ ಎಂದು ಕೂತುಬಿಡುವ ಮುದಿ ಪ್ರಾಣಿ. ಕಳೆದ ವರ್ಷ ಒಂದು ಬೆಳಿಗ್ಗೆ ಬಾಗಿಲು ಬಡಿತ ಕೇಳಿ ಪಕ್ಕದ ಮನೆಯವರು ಕಳ್ಳರು ಬಂದರೆಂದು ದೊಣ್ಣೆ ಹಿಡಿದು ಬಂದಿದ್ದರು. ನೋಡಿದರೆ, ಒಳಗೆ ನಾದಿನಿ ತಲೆಗೆ ಸ್ನಾನ ಮಾಡುತ್ತಿದ್ದಳು, ಹೊರಗೆ ಅರ್ಧ ಕ್ಷೌರದ ಮುಖ ಹೊತ್ತು ಆಕೆಯ ಗಂಡ ಗೋಳಾಡುತ್ತಿದ್ದ!

ಈ ಸಲ ಕೌಂಟರಪ್ಪನ ಬಳಿ ಬ್ರಹ್ಮಾಸ್ತ್ರವಿತ್ತು. ಬ್ಯಾಂಕಿನಲ್ಲಿ ನಂಬರು ತೋರಿಸುವ ಪರದೆ ಬಂದಿತ್ತು. ಸರದಿಗೆಂದು ಗಿರಾಕಿಗಳಿಗೆ ಕೊಡುತ್ತಿದ್ದ ಹಳೆಯ ಹಿತ್ತಾಳೆ ನಂಬರು ಬಿಲ್ಲೆಗಳು ಮೂಲೆ ಸೇರಿದ್ದವು. ಮ್ಯಾನೇಜರರ ಅನುಮತಿ ಪಡೆದು ಎಂಟು ಬಿಲ್ಲೆ ತಂದು, ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದ.

ನೆಂಟರು ಬಂದಿಳಿದ ಸಂಜೆಯೇ ಉದ್ಘಾಟನೆ ಜರುಗಿತು. ಹೆಂಡತಿಗೆ ಒಂದನೆಯ ನಂಬರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಕೆಗೆ ನೀರು ಬೇಕು. ಆಮೇಲೆ ಅತ್ತೆ, ನಾದಿನಿ, ಆಕೆಯ ಗಂಡ, ಅವರ ಮೂರು ಚಿಳ್ಳೆಗಳು, ಕೊನೆಗೆ ಕೌಂಟರಪ್ಪನ ಸ್ವಂತ ಮಗಳು. ಬಾಗಿಲಿಗೆ ಒಂದು ಫಲಕ: "ಬಿಲ್ಲೆ ಇದ್ದವರಿಗೆ ಬಿಸಿನೀರು. ಬಿಲ್ಲೆ ಇಲ್ಲದವರಿಗೆ ಪ್ರವೇಶವಿಲ್ಲ."

"ಕಳ್ಕೊಂಡ್ರೆ ಇನ್ನೊಂದು ಸಿಗಲ್ಲ, ಈಗಲೇ ಹೇಳಿದೀನಿ! ಯಾರು ಬೇಡಿದ್ರೂ ಸಿಗಲ್ಲ!" ಎಂದು ಸಾರಿದ.

ಹೆಂಡತಿ ತನ್ನ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ರೀ, ಇಷ್ಟೆಲ್ಲಾ ಮಾಡಿಯೂ ಯಾರಿಗಾದ್ರೂ ಬಿಸಿನೀರು ತಪ್ಪಿದ್ರೆ?"

"ತಪ್ಪಿದ್ರೆ ರಜೆ ಮುಗಿಯೋವರೆಗೂ ಈ ಮನೆ ಪಾತ್ರೆ ಎಲ್ಲಾ ನಾನೇ ತೊಳೀತೀನಿ!"

"ತಣ್ಣೀರಲ್ಲಿ?"

"ತಣ್ಣೀರಲ್ಲೇ!"

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದು ಆಕೆ ಸಭೆಯತ್ತ ತಿರುಗಿದಳು. ಸಭೆ ಒಕ್ಕೊರಲಿನಿಂದ ಹೂಂಗುಟ್ಟಿತು. ಅಡುಗೆಮನೆಯ ನಲ್ಲಿಯ ನೀರು ಆ ದಿನಗಳಲ್ಲಿ ಹೇಗಿತ್ತೆಂದರೆ, ಒಂದು ಲೋಟ ತೊಳೆದವರು ಅರ್ಧ ಗಂಟೆ ಬೆರಳು ಎಣಿಸಿ ನೋಡಿಕೊಳ್ಳಬೇಕಿತ್ತು.

ಮರುದಿನ ಬೆಳಿಗ್ಗೆ ಆ ಮನೆ ಕಂಡದ್ದು ಇತಿಹಾಸ! ನಾದಿನಿಯ ಗಂಡ, ಅಂದರೆ ಕೌಂಟರಪ್ಪನ ಷಡ್ಡಕ, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಆತ ತಾನೇ ಮುಂದೆ ಬಂದು ಸೀಟಿ ಕೊರಳಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತ. ಸೀಟಿ ಊದಿದರೆ ಒಬ್ಬರು ಒಳಗೆ, ಇನ್ನೊಮ್ಮೆ ಊದಿದರೆ ಹೊರಗೆ. ಕೌಂಟರಪ್ಪ ಕುರ್ಚಿ ಹಾಕಿಕೊಂಡು "ನಂಬರ್ ಐದು!" "ನಂಬರ್ ಆರು!" ಎಂದು ಕೂಗಿದ. ಜಗಳವಿಲ್ಲ, ಬಡಿತವಿಲ್ಲ, ಅರ್ಧ ಕ್ಷೌರವಿಲ್ಲ! ತಿಂಡಿಯ ಹೊತ್ತಿಗೆ ಎಲ್ಲರೂ ಮಿಂದು ಮಡಿಯುಟ್ಟು ಮಿರಮಿರ ಮಿಂಚುತ್ತ ಮೇಜಿನ ಸುತ್ತ ಕೂತಿದ್ದರು.

"ಭಾವ, ನಿಮ್ಮನ್ನ ಮೆಚ್ಚಿದೆ!" ಎಂದ ಷಡ್ಡಕ. ಜನ್ಮದಲ್ಲಿ ಆತ ಯಾರನ್ನೂ ಮೆಚ್ಚಿದವನಲ್ಲ. ಕೌಂಟರಪ್ಪನ ಎದೆ ಉಬ್ಬಿ ಸ್ವೆಟರಿನ ಗುಂಡಿ ಎರಡು ಹಿಗ್ಗಿದವು.

"ಅದ್ಸರಿ, ನಿಮ್ಮ ಸ್ನಾನ ಯಾವಾಗ ಆಯ್ತು?" ಎಂದು ಕೇಳಿದಳು ಹೆಂಡತಿ.

ಕೌಂಟರಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಅಯ್ಯೋ! ತನ್ನ ಸ್ನಾನ! ಎದುರಿಗಿದ್ದ ತಲೆಗಳನ್ನೆಲ್ಲ ಎಣಿಸಿದ್ದ, ಎಣಿಸುವ ತಲೆಯನ್ನೇ ಬಿಟ್ಟಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಕೌಂಟರಿನ ಒಳಗೆ ಕೂತವನು ಎಂದಾದರೂ ತನಗೆ ತಾನೇ ಬಿಲ್ಲೆ ಕೊಟ್ಟುಕೊಂಡದ್ದುಂಟೆ? ಆಗಿಲ್ಲ ಎಂದರೆ ಈ ಕ್ಷಣವೇ ಪಾತ್ರೆ ರಾಶಿ. ಆಯಿತು ಎಂದರೆ ಮೈ ತುಂಬಾ ಕೊಳೆ. ಕೌಂಟರಪ್ಪ ಕೊಳೆಯನ್ನೇ ಆರಿಸಿಕೊಂಡ.

"ನಂದಾ? ಎಲ್ಲರಿಗಿಂತ ಮುಂಚೆ! ನೀನು ಬರೋಕೂ ಮುಂಚೆ!"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ. ಗಾದೆಯ ಹಲ್ಲಿಗಾದರೂ ಬಚ್ಚಲು ಸಿಕ್ಕಿತು. ಕೌಂಟರಪ್ಪನಿಗೆ ಅದರೊಳಗೆ ಕಾಲಿಡುವ ಯೋಗವೂ ಇರಲಿಲ್ಲ! ಮೊದಲೇ ಸ್ನಾನವಾದವನು ಹಗಲಲ್ಲಿ ಟವೆಲ್ಲು ಹಿಡಿದು ಮತ್ತೆ ಹೋಗುವುದು ಹೇಗೆ? ಮನೆಯಲ್ಲಿ ಹದಿನಾರು ಕಣ್ಣು. ಬಾಗಿಲಲ್ಲಿ ಸೀಟಿ. ಮರುದಿನ ನಸುಕಿನಲ್ಲಿ ಬೆಕ್ಕಿನ ಹೆಜ್ಜೆಯಿಟ್ಟು ಹೋದರೆ, ಡ್ರಿಲ್ ಮೇಷ್ಟ್ರು ಆಗಲೇ ಅಲ್ಲಿ ಬಸ್ಕಿ ಹೊಡೆಯುತ್ತಿದ್ದ.

"ಭಾವ, ಬಿಲ್ಲೆ?"

"ನಾನಪ್ಪ, ನಾನು! ಬಿಲ್ಲೆ ಕೊಟ್ಟೋನೇ ನಾನು!"

"ತಮಾಷೆ ಮಾಡ್ತೀರಾ ಭಾವ! ನನ್ನ ಪರೀಕ್ಷೆ ಮಾಡೋಕೆ ಬಂದಿದೀರಿ ಅಂತ ಗೊತ್ತು. ನನ್ನ ಹತ್ರ ಇದೆಲ್ಲಾ ನಡೆಯಲ್ಲ!" ಎಂದು ಆತ ಹೆಮ್ಮೆಯಿಂದ ಸೀಟಿ ಊದಿದ. ಕೌಂಟರಪ್ಪ ಆತನ ಬೆನ್ನು ತಟ್ಟಿ, "ಭೇಷ್, ಹೀಗೇ ಇರಬೇಕು" ಎಂದು ಹಲ್ಲು ಕಚ್ಚಿಕೊಂಡು ವಾಪಸ್ಸಾದ.

ಹಿತ್ತಿಲ ನಲ್ಲಿಯಲ್ಲಿ ತಣ್ಣೀರು ಸುರಿದುಕೊಳ್ಳೋಣವೆಂದು ಒಂದು ಚೆಂಬು ತಲೆಯ ಮೇಲೆ ಎತ್ತಿದ. ಮೊದಲ ಹನಿ ಹೆಬ್ಬೆರಳಿಗೆ ತಾಗಿತು. ಚೆಂಬಿನ ನೀರು ಗಿಡಕ್ಕೆ ಹೋಯಿತು. ತಲೆಗೂದಲು ಮಾತ್ರ ಒದ್ದೆ ಮಾಡಿ, ಮುಖಕ್ಕೆ ಪೌಡರು ಬಳಿದು, ಕಂಕುಳಿಗೆ ಅದಕ್ಕಿಂತ ಹೆಚ್ಚು ಬಳಿದು ತಿಂಡಿಗೆ ಬಂದು ಕೂತ. ಮೈಯೆಲ್ಲ ತುರಿಕೆ! ಮಾತಿನ ನಡುವೆ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುತ್ತಿದ್ದ. "ದೊಡ್ಡಪ್ಪನ ಹತ್ರ ಹೋದ್ರೆ ಪೌಡರ್ ಡಬ್ಬಿ ಒಳಗೆ ಹೋದ ಹಾಗಾಗುತ್ತೆ" ಎಂದಿತು ಒಂದು ಚಿಳ್ಳೆ.

ಇತ್ತ ಬಿಲ್ಲೆಗಳ ವ್ಯವಹಾರವೇ ಬೇರೆ ದಾರಿ ಹಿಡಿದಿತ್ತು. ಅತ್ತೆಗೆ ಇಸ್ಪೀಟು ಎಂದರೆ ಜೀವ. ಮಧ್ಯಾಹ್ನ ಮೊಮ್ಮಕ್ಕಳನ್ನು ಕೂರಿಸಿಕೊಂಡು ಆಡುವಾಗ ಪಣಕ್ಕೆ ಏನಿಡುವುದೆಂಬ ಪ್ರಶ್ನೆ ಬಂತು. ಮಕ್ಕಳು ಬಿಲ್ಲೆ ಇಟ್ಟವು. ಸೋತರೆ ಬಿಲ್ಲೆ ಹೋಯಿತು, ಬಿಲ್ಲೆ ಹೋದರೆ ಸ್ನಾನ ಇಲ್ಲ! ಈ ಸತ್ಯ ಹೊಳೆದದ್ದೇ ತಡ, ಸೋಲುವುದಕ್ಕೆ ಅಷ್ಟು ಶ್ರದ್ಧೆಯಿಂದ ಆಡಿದ ಆಟಗಾರರನ್ನು ಜಗತ್ತು ಕಂಡಿರಲಾರದು. ಸಂಜೆಯ ಹೊತ್ತಿಗೆ ಬಿಲ್ಲೆಗಳೆಲ್ಲ ಅತ್ತೆಯ ಬಟ್ಟೆ ಚೀಲದಲ್ಲಿ ಝಣಝಣ. ನಾದಿನಿ ತಾಯಿಯ ಕಾಲು ಒತ್ತಿ, ಸೊಂಟ ಒತ್ತಿ, ಮಕ್ಕಳ ಬಿಲ್ಲೆ ಬಿಡಿಸಿಕೊಂಡು ಹೋಗಬೇಕಾಗುತ್ತಿತ್ತು.

ಕೌಂಟರಪ್ಪನಿಗೆ ಆಸೆ ಮೊಳೆಯಿತು. ಮಾರನೆಯ ಸಂಜೆ, ನಾದಿನಿ ಮಕ್ಕಳ ಬಿಲ್ಲೆ ಬಿಡಿಸಿಕೊಂಡು ಅತ್ತ ಹೋದ ಮೇಲೆ, ಅತ್ತೆಯ ಮುಂದೆ ಹೋಗಿ ಕೂತ.

"ಅತ್ತೆ, ನನ್ನ ಜೊತೆ ಒಂದು ಆಟ ಆಡ್ತೀರಾ? ಬಿಲ್ಲೆ ಪಣಕ್ಕಿಡಿ."

"ನಿಮಗ್ಯಾಕೆ ಬಿಲ್ಲೆ ಅಳಿಯಂದ್ರೇ?"

"ಸುಮ್ನೆ... ನೆನಪಿಗೆ ಇಟ್ಕೊಳ್ಳೋಣ ಅಂತ."

"ನೆನಪಿಗಾ?" ಎಂದು ಅತ್ತೆ ಸ್ವಲ್ಪ ಹಿಂದೆ ಸರಿದು, ಆ ಚಳಿಯಲ್ಲೂ ಕಿಟಕಿ ತೆರೆದರು. "ಆಯ್ತು, ನೀವೇನಿಡ್ತೀರಿ?"

ಮೊದಲ ಆಟಕ್ಕೆ ಕೌಂಟರಪ್ಪನ ಉಣ್ಣೆಯ ಮಫ್ಲರ್ ಹೋಯಿತು. ಎರಡನೆಯದಕ್ಕೆ ಬಿಸಿಲು ಬೀಳುವ ಕಿಟಕಿ ಪಕ್ಕದ ಆರಾಮ ಕುರ್ಚಿ. ಮೂರನೆಯದಕ್ಕೆ, ಪೇಪರನ್ನು ಎಲ್ಲರಿಗಿಂತ ಮೊದಲು ಓದುವ ಹಕ್ಕು! ಮನೆಯೊಡೆಯನ ಅಧಿಕಾರವೆಲ್ಲ ಎಲೆ ಎಲೆಯಾಗಿ ಉದುರಿತು. ಆದರೆ ಬೆನ್ನು ತುರಿಸುತ್ತಿತ್ತು, ಕತ್ತು ತುರಿಸುತ್ತಿತ್ತು, ಹಿಂದೆ ಸರಿಯುವ ಮಾತೇ ಇಲ್ಲ. ನಾಲ್ಕನೆಯ ಆಟಕ್ಕೆ ಹೊಸ ಸ್ವೆಟರನ್ನೇ ಬಿಚ್ಚಿಟ್ಟ. ಎಲೆ ಎತ್ತಿ ನೋಡಿದರೆ, ಏನು ಎಲೆಗಳವು! ರಾಜ, ರಾಣಿ, ಗುಲಾಮ, ಸಾಲಾಗಿ ನಿಂತಿವೆ! ಇನ್ನೊಂದೇ ಎಲೆ ಬೇಕು. ಅತ್ತೆ ಒಂದು ಎಲೆ ಬಿಟ್ಟರು. ಅದೇ ಎಲೆ!

"ಗೆದ್ದೇ! ಗೆದ್ದೇ! ಅತ್ತೆ, ಗೆದ್ದೆ!" ಕೌಂಟರಪ್ಪ ಎದ್ದು ನಿಂತು ಕುಣಿದ. ಬ್ಯಾಂಕಿನಲ್ಲಿ ಬಡ್ತಿ ಸಿಕ್ಕ ದಿನವೂ ಹೀಗೆ ಕುಣಿದಿರಲಿಲ್ಲ.

ಅತ್ತೆ ಚೀಲಕ್ಕೆ ಕೈಹಾಕಿದರು. ಅದರಲ್ಲಿ ಉಳಿದದ್ದು ಎರಡೇ ಬಿಲ್ಲೆ. "ನಂದು ಕೊಡಲ್ಲಪ್ಪ, ನಂಗೆ ಬೆಳಿಗ್ಗೆ ಮೈ ಹಿಡಿಯುತ್ತೆ. ಇನ್ನೊಂದು ಇದೆ. ನಂಬರ್ ನೋಡ್ಕೊಂಡು ತಗೊಳ್ಳಿ ಅಳಿಯಂದ್ರೇ."

"ನಂಬರ್ ಯಾವ್ದಾದ್ರೇನು ಅತ್ತೆ! ನೀರು ಬಿಸಿ ಇದ್ರೆ ಸಾಕು!"

ಜೀವಮಾನವಿಡೀ ನಂಬರು ನೋಡದೆ ಒಂದು ಕಾಸು ಕೊಡದವನು, ನಂಬರು ನೋಡದೆ ಬಿಲ್ಲೆ ಕಸಿದುಕೊಂಡು ಓಡಿದ.

ಮರುದಿನ ನಸುಕಿನಲ್ಲಿ ಬಿಲ್ಲೆ ಎತ್ತಿ ಹಿಡಿದು ಸೀಟಿಯ ಮುಂದೆ ನಿಂತಾಗ, ಷಡ್ಡಕ ಅದನ್ನು ನೋಡಿ, "ನಂಬರ್ ಒಂದು! ಒಳಗೆ!" ಎಂದ. ಆಹಾ! ಒಂದನೆಯ ನಂಬರು! ಅದೃಷ್ಟವೆಂದರೆ ಇದು! ಮೊದಲ ಚೆಂಬು ಬಿಸಿನೀರು ನೆತ್ತಿಯ ಮೇಲೆ ಬಿದ್ದಾಗ ಕೌಂಟರಪ್ಪನಿಗೆ ಕಣ್ಣೀರೇ ಬಂತು. ಒಂದು ಬಕೆಟ್ಟು ಮುಗಿಯಿತು. ಇಷ್ಟು ದಿನದ ಬಾಕಿ ಒಂದು ಬಕೆಟ್ಟಿಗೆ ತೀರುವುದೆ? ಕಾದು ಇನ್ನೊಂದು ತುಂಬಿಸಿದ. ಗಂಟಲು ಬಿಟ್ಟು ಹಾಡಿದ. ಸೀಟಿ ಕೂಗಿತು, ಕೇಳಿಸಲಿಲ್ಲ. ಬಾಗಿಲು ಬಡಿದರು, ತಾಳವೆಂದುಕೊಂಡ. ಮೂರನೆಯ ಬಕೆಟ್ಟಿನ ಹೊತ್ತಿಗೆ ಹೀಟರು ಟಪ್ಪೆಂದು ಸದ್ದು ಮಾಡಿ, ಹೊಗೆಯ ವಾಸನೆ ಬಿಟ್ಟು, ಶಾಶ್ವತವಾಗಿ ಕಣ್ಣು ಮುಚ್ಚಿತು.

ಕೌಂಟರಪ್ಪ ಕೆಂಪಗೆ, ಆವಿಯಾಡುತ್ತ, ನಗುನಗುತ್ತ ಬಾಗಿಲು ತೆರೆದ. ಎದುರಿಗೆ ಹೆಂಡತಿ. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಬಂದ ಕಣ್ಣು ಕೆಂಪು, ಹೆಗಲ ಮೇಲೆ ಟವೆಲ್ಲು. ಹಿಂದೆ ಅತ್ತೆ, ನಾದಿನಿ, ಚಿಳ್ಳೆಗಳು, ಎಲ್ಲರೂ ಸಾಲಾಗಿ, ನಡುಗುತ್ತ.

"ಒಂದನೇ ನಂಬರ್ ನಂದು ಕಣ್ರೀ. ಡ್ಯೂಟಿಗೆ ಹೋಗುವಾಗ ಜೋಪಾನ ಅಂತ ಅಮ್ಮನ ಕೈಲಿ ಕೊಟ್ಟು ಹೋಗಿದ್ದೆ!"

"ನಿಂದಾ?"

"ಹೀಟರ್ ಸುಟ್ಟಿದ್ದೂ ನೀವೇನಾ? ರಾತ್ರಿಯೆಲ್ಲಾ ನಿಂತು ಬಂದಿದೀನಿ, ಒಂದು ಬಕೆಟ್ ನೀರು ಸಿಗಲ್ಲ ಅಂದ್ರೆ ಏನ್ರೀ ಇದು?"

ಆಕೆ ಗಂಟಲು ಏರಿಸಿದಾಗ ಕೌಂಟರಪ್ಪನಿಗೂ ರೋಷ ಬಂತು. ಪಾಪ, ಹೊಸದಾಗಿ ಶುದ್ಧನಾದವನ ರೋಷ. "ಒಂದೇ ಒಂದು ದಿನ ತಪ್ಪಿದ್ದಕ್ಕೆ ಇಷ್ಟು ಕೂಗಾಡ್ತೀಯಲ್ಲ! ನಾನು ನೋಡು, ನೆಂಟರು ಬಂದಾಗಿಂದ ನಿನ್ನೆವರೆಗೂ ಒಂದು ಚೆಂಬು ನೀರು ಕಂಡಿರಲಿಲ್ಲ! ಒಂದು ಮಾತಾದ್ರೂ ಆಡಿದೀನಾ?"

ಮಾತು ಬಾಯಿಂದ ಹೊರಟ ಮೇಲೆ ಅದರ ತೂಕ ಅವನಿಗೆ ತಿಳಿಯಿತು. ನಾಲಿಗೆ ಕಚ್ಚಿಕೊಂಡ. ಷಡ್ಡಕನ ಬಾಯಿಂದ ಸೀಟಿ ಕೆಳಗೆ ಬಿತ್ತು.

ಹೆಂಡತಿಯ ಕೋಪ ಎಲ್ಲಿ ಹೋಯಿತೋ! ಮೊದಲು ತುಟಿ ನಡುಗಿತು, ಆಮೇಲೆ ಭುಜ ನಡುಗಿತು, ಕೊನೆಗೆ ಗೋಡೆ ಹಿಡಿದುಕೊಂಡು ನಕ್ಕಳು. "ಗೊತ್ತಿತ್ತು ಬಿಡ್ರೀ! ಮೊದಲ್ನೇ ದಿನದಿಂದ ನಿಮ್ಮ ಟವೆಲ್ಲು ಮಡಿಕೆ ಬಿಚ್ಚದೇ ಗರಿಗರಿಯಾಗಿ ಕೂತಿತ್ತು. ನೀವೇ ಒಪ್ಕೊಳ್ಳಲಿ ಅಂತ ಕಾಯ್ತಿದ್ವಿ."

"ಕಾಯ್ತಿದ್ವಿ ಅಂದ್ರೆ? ಯಾರ್ಯಾರು?"

"ಎಲ್ರೂ" ಎಂದರು ಎಂಟೂ ಜನ.

ಹೊಸ ಹೀಟರು ಬರುವವರೆಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಎಲ್ಲರೂ ಮಿಂದರು. ಜಗಳವಾಡದೆ, ಹಂಚಿಕೊಂಡು. ಬಿಲ್ಲೆಗಳ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡು ಕೌಂಟರಪ್ಪ ಅದೇ ದಿನ ತಿಂಡಿಯ ನಂತರ ಅಂಗಿಯ ತೋಳು ಮಡಿಸಿ, ನಿಟ್ಟುಸಿರು ಬಿಟ್ಟು, ಆಡಿದ ಮಾತಿನಂತೆ ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದ.

ಹೋಗಿ ನೋಡಿದರೆ ಕಟ್ಟೆಯ ಮೇಲೆ ಬಾಣಲೆ, ಕುಕ್ಕರು, ತಳ ಹಿಡಿದ ಹಾಲಿನ ಪಾತ್ರೆ, ತಟ್ಟೆಗಳ ರಾಶಿ, ಒಂದರ ಹಿಂದೊಂದು ಸಾಲಾಗಿ ನಿಂತಿವೆ. ಪ್ರತಿಯೊಂದರ ಮೇಲೂ ಫಳಫಳ ಹೊಳೆಯುವ ಒಂದೊಂದು ಹಿತ್ತಾಳೆ ಬಿಲ್ಲೆ! ಪಕ್ಕದಲ್ಲಿ ಅತ್ತೆ, ಅವನ ಮಫ್ಲರನ್ನೇ ಸುತ್ತಿಕೊಂಡು.

"ಗಾಬರಿ ಬೇಡಿ ಅಳಿಯಂದ್ರೇ, ಯಾರೂ ಮಧ್ಯೆ ನುಗ್ಗಲ್ಲ. ನೀವು ನಂಬರ್ ಕೂಗಿ, ಒಬ್ಬೊಬ್ಬರಿಗೇ ಸ್ನಾನ ಮಾಡಿಸಿ!"